ಊರ ಹೆಸರು ಬೇರೆ, ಊರು ಬೇರೆ
(ಗಡಿನಾಡಿನ ಕಥೆ ಕವಿತೆಗಳಲ್ಲಿ ಸ್ಥಳದ ನೆಲೆಯನ್ನು ಕುರಿತು)

ಕೆಲವು ತಿಂಗಳ ಹಿಂದೆ ನಮ್ಮ ಉಪಜಿಲ್ಲೆಯ ಶಾಲೆಗಳಿಗಾಗಿ ಏರ್ಪಡಿಸಿದ್ದ ಬರವಣಿಗೆಯ ಸ್ಪರ್ಧೆಯೊಂದರಲ್ಲಿ ತೀರ್ಪುಗಾರರಾಗಿ ಕುಳಿತುಕೊಳ್ಳುವ ಯೋಗ ನಮಗೆ ಒದಗಿತು. ವಿಷಯ ‘ನನ್ನ ನಾಡು’. ಕವನವಾಗಲಿ, ಗದ್ಯವಾಗಲಿ, ಬರೆಯುವವರ ಇಷ್ಟ. ಬಂದ ಕಟ್ಟಿನಲ್ಲಿ ಹೆಚ್ಚಿನವು ಕವನಗಳೇ. ಚಂದ್ರಗಿರಿ ಹೊಳೆಯ ಹೆಸರಿಲ್ಲದ ಕವನ ಒಂದೋ ಎರಡೋ. ತಾಯಿ, ಕಂದ, ಸಂಕೋಲೆ, ಗಾಯ, ಕಣ್ಣೀರು, ಇವು ಪುಟಪುಟಕ್ಕೂ ಬಂದವು. ಆದರೆ ಆಟಿ ತಿಂಗಳಿನಲ್ಲಿ ಆ ಹೊಳೆಯ ನೀರು ಯಾವ ಬಣ್ಣಕ್ಕೆ ತಿರುಗುತ್ತದೆ, ಬೇಸಗೆಯಲ್ಲಿ ಸಮುದ್ರದ ಉಪ್ಪುನೀರು ಹೊಳೆಯೊಳಗೆ ಏರಿ ಬಂದಾಗ ದಡದವರು ಕುಡಿಯುವ ನೀರಿಗೆ ಏನು ಮಾಡುತ್ತಾರೆ ಎಂಬುದನ್ನು ಆ ಕವನಗಳನ್ನೋದಿ ತಿಳಿಯುವಂತಿರಲಿಲ್ಲ. ಹೊಳೆಯ ಹೆಸರು ತೆಗೆದು ಕೃಷ್ಣೆಯನ್ನೋ ಹಗರಿಯನ್ನೋ ಇಟ್ಟರೂ ಒಂದಕ್ಷರ ಕದಲುತ್ತಿರಲಿಲ್ಲ.

ಕಟ್ಟಿನ ಅಡಿಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಒಂದೂವರೆ ಪುಟದ ಗದ್ಯವಿತ್ತು. ಅವಳ ತಂದೆ ಗುಡ್ಡೆಯ ಮುರಕಲ್ಲನ್ನು ಕೊರೆದು ಸುರಂಗ ತೋಡುವ ಕೆಲಸದವರು. ಬಾವಿಯಂತೆ ಕೆಳಕ್ಕಲ್ಲದೆ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ತೋಡಿ ನೀರು ತರುವ ಈ ಪದ್ಧತಿ ನಮ್ಮ ಕಾಸರಗೋಡಿನ ತೋಟಗಳವರಿಗೆ ಹೊಸದಲ್ಲ. ಆಕೆ ಬರೆದಿದ್ದಳು: ಒಳಗೆ ಮೇಣದ ಬತ್ತಿ ಉರಿಸಿಡುತ್ತಾರೆ, ಬತ್ತಿ ಮಂಕಾದರೆ ಗಾಳಿ ಸಾಲದು ಎಂದು ತಿಳಿದು ಹೊರಗೆ ಬರುತ್ತಾರೆ, ತಾಯಿ ಹೊರಗೆ ಕುಳಿತು ಬುಟ್ಟಿಯ ಮಣ್ಣನ್ನು ಎಳೆದು ಸುರಿಯುತ್ತಾಳೆ, ಬುಟ್ಟಿ ಬರುವುದು ತಡವಾದರೆ ಹೆಸರು ಹಿಡಿದು ಕೂಗುತ್ತಾಳೆ, ನೀರು ಸಿಕ್ಕಿದ ದಿನ ಅಡಿಕೆ ಮರದ ದಂಬೆಯಲ್ಲಿ ಅದನ್ನು ಅಂಗಳಕ್ಕೆ ಹಾಯಿಸಿದಾಗ ಮೊದಲು ಕೆಂಪಾಗಿ ಬರುತ್ತದೆ, ಮರುದಿನ ತಿಳಿಯಾಗುತ್ತದೆ. ಕನ್ನಡ, ನಾಡು, ಗಡಿ ಎಂಬ ಮಾತುಗಳು ಒಮ್ಮೆಯೂ ಇರಲಿಲ್ಲ. ಸಹ ತೀರ್ಪುಗಾರರು ‘ವಿಷಯಕ್ಕೆ ಹೊಂದುವುದಿಲ್ಲ’ ಎಂದರು. ನಾವು ಅಷ್ಟಿಷ್ಟು ವಾದಿಸಿ, ಕೊನೆಗೆ ತಲೆಯಾಡಿಸಿದೆವು. ಬಹುಮಾನ ಸಂಕೋಲೆಯ ಕವನವೊಂದಕ್ಕೆ ಹೋಯಿತು. ಅಂದು ನಾವು ಸುಮ್ಮನಾದುದು ಸರಿಯಲ್ಲವೆಂಬ ಕೊರಗಿನಿಂದಲೇ ಪ್ರಕೃತ ಲೇಖನ ಹುಟ್ಟಿತೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇವೆ.

ಸಾಹಿತ್ಯದಲ್ಲಿ ‘ಪ್ರಾದೇಶಿಕತೆ’ ಎಂಬ ಮಾತನ್ನು ನಮ್ಮ ವಿಮರ್ಶಕರು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಕೆಲವೊಮ್ಮೆ ಅದು ಹೊಗಳಿಕೆ, ಹಲವೊಮ್ಮೆ ‘ಇಷ್ಟೇ’ ಎಂಬ ರಿಯಾಯಿತಿ. ಈ ಮಾತಿನ ಜಗಳಕ್ಕೆ ನಾವು ಹೋಗುವುದಿಲ್ಲ. ನಮಗೆ ಬೇಕಾದುದು ಒಂದು ಸರಳವಾದ ಒರೆಗಲ್ಲು. ಕೃತಿಯಿಂದ ಊರನ್ನು ಕಿತ್ತು ಬೇರೆ ಕಡೆ ನೆಟ್ಟರೆ ಕಥೆ ಹಾಗೆಯೇ ನಡೆಯುವುದಾದರೆ ಆ ಊರು ಬರಿಯ ಪರದೆ. ಹಾಗೆ ನೆಡಲು ಬಾರದಿದ್ದರೆ, ಪಾತ್ರಗಳು ಏನು ಮಾಡಬಲ್ಲರು ಏನು ಮಾಡಲಾರರು ಎಂಬುದನ್ನು ಆ ನೆಲವೇ ನಿರ್ಧರಿಸಿದ್ದರೆ, ಅಲ್ಲಿ ಊರು ಇದೆ. ನಮ್ಮ ಹಳೆಯ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವೂ ಪರ್ವತವೂ ನಗರವೂ ಧಾರಾಳವಾಗಿವೆ, ಆದರೆ ಅವು ಯಾವ ಸಮುದ್ರ, ಯಾವ ಪರ್ವತ ಎಂದು ಕೇಳುವವರಿಲ್ಲ. ಅದೇ ಸಂಪ್ರದಾಯದೊಳಗೆ ನಿಂತ ಪಂಪನು 941ರ ವಿಕ್ರಮಾರ್ಜುನವಿಜಯದಲ್ಲಿ ಬನವಾಸಿಯ ವಿಷಯ ಬಂದಾಗ ಮಾತ್ರ ಪಟ್ಟಿಯನ್ನು ಮರೆತುಬಿಡುತ್ತಾನೆ. ಅಲ್ಲಿ ನಾಡು ಗಾಳಿಯಾಗಿ, ಹೂವಿನ ಕಂಪಾಗಿ, ಕಿವಿಗೆ ಬಿದ್ದ ಹಾಡಾಗಿ ಮನುಷ್ಯನ ಮೈಗೆ ತಾಗುತ್ತದೆ. ನೆರೆಯ ತಮಿಳಿನ ಸಂಘಕಾಲದ ಕವಿಗಳು ಇನ್ನೂ ಮುಂದೆ ಹೋಗಿ ಕುರಿಂಜಿ, ಮುಲ್ಲೈ ಮೊದಲಾದ ಐದು ನೆಲಗಳಿಗೆ ಐದು ಬಗೆಯ ಒಲವನ್ನೇ ಹಂಚಿದ್ದರು. ಬೆಟ್ಟದವರ ಪ್ರೇಮ ಬೇರೆ, ಕಡಲ ಕರೆಯವರ ವಿರಹ ಬೇರೆ ಎಂಬುದು ಅವರ ಕಾವ್ಯಶಾಸ್ತ್ರದ ಬುನಾದಿ. ತಾಳವಾಡಿ, ಹೊಸೂರುಗಳ ನಮ್ಮ ಅಧ್ಯಾಪಕ ಬಂಧುಗಳು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು.

ಈ ಒರೆಗಲ್ಲಿಗೆ ಶಿವರಾಮ ಕಾರಂತರ ‘ಬೆಟ್ಟದ ಜೀವ’ವನ್ನು (1943) ಹಚ್ಚಿ ನೋಡೋಣ. ಅದು ಗಡಿಯಾಚೆಯ ಕೃತಿಯಲ್ಲ. ಆದರೂ ಸುಬ್ರಹ್ಮಣ್ಯ ಪಂಜಗಳ ಆ ಕಾಡು ಪಯಸ್ವಿನಿಯ ಮೇಲ್ದಂಡೆಗೆ ದೂರದ್ದಲ್ಲ, ನಮ್ಮ ಅಡಿಕೆ ತೋಟಗಳ ಬದುಕೇ ಅಲ್ಲಿಯದೂ. ದಾರಿ ತಪ್ಪಿದ ನಿರೂಪಕ ಗೋಪಾಲಯ್ಯ ಶಂಕರಮ್ಮರ ಮನೆಗೆ ಬಂದು ಕೆಲವು ದಿನ ನಿಲ್ಲುತ್ತಾನೆ. ಕಥೆಯೆಂದು ಹೇಳಬೇಕಾದುದು ಇಷ್ಟೇ. ಮನೆಬಿಟ್ಟು ಹೋದ ಮಗ ಶಂಭುವಿನ ಸುದ್ದಿಯನ್ನು ಆ ಮುದುಕ ಮುದುಕಿ ನೇರವಾಗಿ ಎತ್ತುವುದೇ ಅಪರೂಪ. ಗೋಪಾಲಯ್ಯ ಮಾತಾಡುವುದೆಲ್ಲ ಕಾಟುಮೂಲೆಯ ತೋಟದ ವಿಚಾರ, ಕಾಡು ಕಡಿದ ವಿಚಾರ, ಆನೆಯ ಹಾವಳಿ, ಹುಲಿಯ ಬೇಟೆ. ಮೊದಲ ಓದಿನಲ್ಲಿ ವಿದ್ಯಾರ್ಥಿಗಳು ‘ಸಾರ್, ಇದರಲ್ಲಿ ಕಥೆಯೇ ಇಲ್ಲ’ ಎನ್ನುತ್ತಾರೆ. ಕಥೆ ಇರುವುದು ಆ ತೋಟದಲ್ಲಿ. ಅಡಿಕೆ ಸಸಿ ನೆಟ್ಟವನು ಫಲಕ್ಕೆ ಐದಾರು ವರ್ಷ ಕಾಯಬೇಕು, ತೋಟ ಒಂದು ಹದಕ್ಕೆ ಬರುವ ಹೊತ್ತಿಗೆ ನೆಟ್ಟವನಿಗೆ ವಯಸ್ಸಾಗಿರುತ್ತದೆ. ತೋಟವೆಂಬುದು ಮಗನಿಗಾಗಿ ಮಾಡುವ ಕೃಷಿ. ಮಗನಿಲ್ಲದ ಮನೆಯಲ್ಲಿ ತೋಟ ಬೆಳೆಸುವುದೆಂದರೇನು? ಗೋಪಾಲಯ್ಯ ಬೆಟ್ಟವನ್ನು ಹೊಗಳಿದಾಗಲೆಲ್ಲ ಈ ಪ್ರಶ್ನೆ ಹಿಂದೆ ನಿಂತಿರುತ್ತದೆ. ಒಕ್ಕಲಾಗಿ ಬಂದ ನಾರಾಯಣ ಲಕ್ಷ್ಮಿಯರು ಬಿಟ್ಟು ಹೋದಾರೆಂಬ ಅವರ ಭಯಕ್ಕೂ ಅದೇ ಬೇರು. ವರ್ಷಕ್ಕೊಮ್ಮೆ ಬಿತ್ತಿ ಕೊಯ್ಯುವ ಬಯಲುಸೀಮೆಗೆ ಈ ಕಥೆಯನ್ನು ಒಯ್ದರೆ ದುಃಖ ಉಳಿದೀತು, ಅದನ್ನು ಹೇಳದೆ ಹೇಳುವ ಬಗೆ ಉಳಿಯದು. ಬೆಟ್ಟದ ವರ್ಣನೆಗಾಗಿ ಈ ಪುಸ್ತಕವನ್ನು ಮೆಚ್ಚುವವರು ಅದರ ಅರ್ಧವನ್ನು ಮಾತ್ರ ಓದಿದ್ದಾರೆಂದು ನಮ್ಮ ಅಭಿಪ್ರಾಯ.

‘ಮರಳಿ ಮಣ್ಣಿಗೆ’ ಇದಕ್ಕಿಂತ ದೊಡ್ಡ ಕೃತಿ. ಅದರ ವಿಚಾರ ಎಲ್ಲರೂ ಬರೆದಿದ್ದಾರೆ. ಒಂದು ಮಾತು ಮಾತ್ರ. ಕೋಡಿಯ ಆ ಮನೆಯ ಪಾರೋತಿ, ಸರಸೋತಿಯರು ಮಳೆಗಾಲದ ನೆರೆಯಲ್ಲಿ ತೇಲಿ ಬರುವ ಕಟ್ಟಿಗೆಯನ್ನು ಹಿಡಿದು ಒಟ್ಟುವ ಭಾಗವನ್ನು ತರಗತಿಯಲ್ಲಿ ಓದಿಸಿದಾಗ ಹೊಳೆಕರೆಯ ಮಕ್ಕಳು ಎದ್ದು ಕುಳಿತುಕೊಳ್ಳುವುದನ್ನು ನಾವು ಕಂಡಿದ್ದೇವೆ. ಆ ಹೆಂಗಸರ ಸ್ವಭಾವವನ್ನು ಯಾರೂ ಬಣ್ಣಿಸಿ ಹೇಳಬೇಕಾಗಿಲ್ಲ, ನೆರೆಯೇ ಹೇಳಿತು.

ಇನ್ನು ನಮ್ಮವರ ಕಡೆಗೆ ಬರೋಣ. ಗಡಿನಾಡಿನ ಸಾಹಿತ್ಯವೆಂದೊಡನೆ ಮೊದಲು ನೆನಪಾಗುವವರು ಮಂಜೇಶ್ವರದ ಗೋವಿಂದ ಪೈಗಳು (1883-1963). ಇಲ್ಲಿ ಒಂದು ಸೋಜಿಗವಿದೆ. ಬಾಳಿನ ಬಹುಭಾಗವನ್ನು ಒಂದೇ ಊರಿನಲ್ಲಿ, ಒಂದೇ ಮನೆಯ ಪುಸ್ತಕಗಳ ನಡುವೆ ಕಳೆದ ಈ ಕವಿಯ ಎರಡು ಪ್ರಸಿದ್ಧ ಖಂಡಕಾವ್ಯಗಳಲ್ಲಿ ‘ಗೊಲ್ಗೊಥಾ’ ಏಸುವಿನ ಕಡೆಯ ದಿನದ್ದು, ‘ವೈಶಾಖಿ’ ಬುದ್ಧನ ಕಡೆಯ ದಿನದ್ದು. ಮಂಜೇಶ್ವರದ ಕಡಲು ಅವರ ಕಾವ್ಯದಲ್ಲಿ ಹೆಚ್ಚು ಮೊರೆಯುವುದಿಲ್ಲ. ಅವರ ಊರಿನ ಪ್ರೀತಿಯೆಲ್ಲ ಸಂಶೋಧನೆಗೆ, ತುಳುನಾಡಿನ ಪೂರ್ವಚರಿತ್ರೆಗೆ ಹರಿಯಿತು. 1911ರಲ್ಲೇ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟ ಧೈರ್ಯವೂ, ಜೆರುಸಲೇಮಿನ ಗುಡ್ಡವನ್ನು ಕನ್ನಡಕ್ಕೆ ತಂದ ಧೈರ್ಯವೂ ಅನೇಕ ಭಾಷೆಗಳು ಒಟ್ಟಿಗೆ ಬಾಳುವ ಈ ಕರೆಯಲ್ಲಿ ಬೆಳೆದವನಿಗೆ ಸಹಜವೆಂದು ಹೇಳಬಹುದೇನೋ. ಆದರೆ ಅದನ್ನು ಸ್ಥಳಪ್ರಜ್ಞೆಯೆಂದು ಎಳೆದಾಡುವುದು ನಮಗೆ ಒಪ್ಪಿಗೆಯಿಲ್ಲ. ದೊಡ್ಡ ಕವಿಗೆ ಊರಿನ ಋಣವನ್ನು ಕವಿತೆಯಲ್ಲೇ ತೀರಿಸಬೇಕೆಂಬ ಕಟ್ಟಳೆಯಿಲ್ಲ. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಆದರೂ ಓದುಗರ ಮನಸ್ಸಿನಲ್ಲಿ ಅವರ ಕಾವ್ಯದ ಊರು ಧಾರವಾಡದ ಸಾಧನಕೇರಿಯೇ. ಸೊಲ್ಲಾಪುರದ ಮಿತ್ರರು ಇದಕ್ಕಾಗಿ ಮುನಿಸಿಕೊಂಡುದನ್ನು ನಾವು ಕೇಳಿಲ್ಲ.

ಕಯ್ಯಾರ ಕಿಞ್ಞಣ್ಣ ರೈಗಳ (1915-2015) ಸಂಗತಿ ಹೀಗಲ್ಲ. ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದು, ಬೆಳಗ್ಗೆ ಸಂಜೆ ಗದ್ದೆ ತೋಟಗಳಲ್ಲಿ ದುಡಿದು, ನೂರು ವರ್ಷ ಬಾಳಿದ ಈ ಕವಿ ನಮ್ಮ ವೃತ್ತಿಯವರು, ಆದ್ದರಿಂದ ಅವರ ಮೇಲೆ ನಮಗೆ ಸಲಿಗೆಯೂ ಹೆಚ್ಚು. 1956ರ ನವಂಬರ 1ರಂದು, ಅದುವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ಚಂದ್ರಗಿರಿಯ ಉತ್ತರ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದು ಶಿಫಾರಸು ಮಾಡಿತು, ಅದು ಕಾಗದದಲ್ಲೇ ಉಳಿಯಿತು. ಆ ಸಂಕಟದಲ್ಲಿ ರೈಗಳು ಹೊತ್ತಿ ಉರಿಯುವ ಮನೆಯ ಚಿತ್ರವನ್ನಿಟ್ಟು ಬರೆದ ಕವನ ಸಭೆಸಭೆಗಳಲ್ಲಿ ಹಾಡಾಯಿತು. ಅದು ಆಗ ಬೇಕಾಗಿದ್ದ ಕವನ. ಮನೆಗೆ ಬೆಂಕಿ ಬಿದ್ದಾಗ ಕೂಗುವವನ ಸ್ವರದ ಮಾಧುರ್ಯವನ್ನು ಅಳೆಯುತ್ತ ಕೂರುವುದು ವಿಮರ್ಶೆಯಲ್ಲ.

ಆದರೆ ಇಂದು ಆ ಒಂದು ಕವನವೇ ರೈಗಳೆಂಬಂತೆ ಆಗಿದೆ, ಅದರ ನೂರು ನಕಲುಗಳೇ ‘ಗಡಿನಾಡ ಕಾವ್ಯ’ವೆಂಬಂತೆಯೂ ಆಗಿದೆ. ಇದು ಅವರಿಗೆ ನಾವು ಮಾಡುತ್ತಿರುವ ಅನ್ಯಾಯ. ಅವರ ಆತ್ಮಕಥೆಯ ಹೆಸರು ‘ದುಡಿತವೇ ನನ್ನ ದೇವರು’. ಆ ಹೆಸರಿನಲ್ಲೇ ಅವರ ಊರು ಇದೆ. ರೈಗಳ ಪಾಲಿಗೆ ನೆಲವೆಂದರೆ ಭೂಪಟದಲ್ಲಿ ಬಣ್ಣ ಬದಲಾದ ತುಂಡಲ್ಲ, ನೇಗಿಲಿಗೆ ಸಿಕ್ಕುವ ವಸ್ತು. ಅವರ ದೊಡ್ಡತನದ ಇನ್ನೊಂದು ಗುರುತನ್ನು ಭಾಷಣಕಾರರು ಹೇಳುವುದು ಕಡಿಮೆ: ನಾಡು ಕೇರಳಕ್ಕೆ ಹೋದುದಕ್ಕಾಗಿ ಜೀವಮಾನವಿಡೀ ಹೋರಾಡಿದ ಇವರೇ ಮಲಯಾಳದ ಕುಮಾರನ್ ಆಶಾನರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದರು. ತುಳುವಿನಲ್ಲೂ ಬರೆದರು. ಗಡಿ ಅವರಿಗೆ ಬೇಲಿಯಾಗಿತ್ತು ನಿಜ, ಆದರೆ ಬೇಲಿಯಾಚೆಯ ಫಲದ ರುಚಿಯೂ ಗೊತ್ತಿತ್ತು. ನಕಲು ಮಾಡುವವರು ಬೇಲಿಯನ್ನು ಮಾತ್ರ ಕಲಿತುಕೊಂಡರು.

ಚಂದ್ರಗಿರಿಯ ಮಾತು ತೆಗೆದ ಮೇಲೆ ಸಾರಾ ಅಬೂಬಕ್ಕರ್ ಅವರ (1936-2023) ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕಾಸರಗೋಡಿನಲ್ಲಿ ಹುಟ್ಟಿ ಕನ್ನಡ ಶಾಲೆಯಲ್ಲಿ ಓದಿದ ಈ ಲೇಖಕಿಯ ಮೊದಲ ಕಾದಂಬರಿ 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ನಾದಿರಾಳ ಕಥೆ ಬಲ್ಲವರು ಬಹಳ. ತಂದೆ ಮಹಮ್ಮದ್ ಖಾನನ ಹಠದಿಂದ ಅವಳಿಗೂ ಗಂಡ ರಶೀದನಿಗೂ ಮನಸ್ಸಿಲ್ಲದ ತಲಾಖ್ ಆಗುತ್ತದೆ. ಮತ್ತೆ ಕೂಡಬೇಕಾದರೆ ಅವಳು ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆದು ಅವನಿಂದ ಬಿಡುಗಡೆ ಪಡೆಯಬೇಕು. ಅದನ್ನು ತಾಳಲಾರದೆ ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ.

ಈ ಕೃತಿಯನ್ನು ಸಮಾಜಸುಧಾರಣೆಯ ಕಾದಂಬರಿಯೆಂದು, ಮುಸ್ಲಿಂ ಸ್ತ್ರೀಯ ಸಂಕಟದ ದಾಖಲೆಯೆಂದು ಓದುವುದು ವಾಡಿಕೆ. ತಪ್ಪಲ್ಲ. ಆದರೆ ಅದರ ಹೆಸರಿನಲ್ಲಿ ಹೊಳೆಯೇಕೆ ಇದೆ? ಚಂದ್ರಗಿರಿ ಹಳೆಯ ಕಾಲದಿಂದ ತುಳುನಾಡಿಗೂ ಮಲಯಾಳಕ್ಕೂ ನಡುವಣ ಎಲ್ಲೆ. ಹಿಂದೆ ತೆಂಕಣ ನಾಯರ್ ಸ್ತ್ರೀಯರು ಈ ಹೊಳೆಯನ್ನು ದಾಟಬಾರದೆಂಬ ಕಟ್ಟಳೆಯಿತ್ತೆಂದು ಹಿರಿಯರು ಹೇಳುತ್ತಾರೆ. ಎಂದರೆ ಇದು ರಾಜ್ಯಗಳ ಗಡಿಯಾಗುವ ಮಾತು ಹುಟ್ಟುವ ಮೊದಲೇ ಹೆಣ್ಣಿಗೆ ಗಡಿಯಾಗಿದ್ದ ಹೊಳೆ. 1956ರ ಅನಂತರ ನಾವು ಗಂಡಸರೆಲ್ಲ ಸೇರಿ ಈ ಹೊಳೆಯ ದಡದಲ್ಲಿ ನಿಂತು ಆಚೆಯದು ಯಾರದು ಈಚೆಯದು ಯಾರದು ಎಂದು ವಾದಿಸಿದೆವು. ಅದೇ ದಡದ ಮೇಲೆ ಒಬ್ಬ ಹೆಂಗಸು ಕುಳಿತು, ಎರಡೂ ಕಡೆ ತನ್ನದಲ್ಲದ ಒಬ್ಬಳ ಕಥೆ ಬರೆದಳು. ನಾದಿರಾ ಸಾಯುವುದು ಹೊಳೆಯಲ್ಲಿ ಅಲ್ಲವೆಂಬುದನ್ನೂ ಗಮನಿಸಬೇಕು. ಹೊಳೆ ಹರಿದು ಸಮುದ್ರ ಸೇರುವ ನೀರು. ಮಸೀದಿಯ ಕೊಳ ಊರವರದು, ಕಟ್ಟಿ ನಿಲ್ಲಿಸಿದ ನೀರು, ನಮಾಜಿಗೆ ಬರುವವರೆಲ್ಲ ಕೈಕಾಲು ತೊಳೆಯುವ ನೀರು. ಯಾರ ತೀರ್ಪು ಅವಳನ್ನು ಕೊಂದಿತೋ ಅವರ ಕಣ್ಣ ಮುಂದೆಯೇ ಅವಳು ಹೋಗುತ್ತಾಳೆ. ಎರಡು ನೀರುಗಳ ಈ ಅಂತರ ಈ ಕರೆಯವರಿಗೆ ವಿವರಿಸದೆ ತಿಳಿಯುತ್ತದೆ.

ದೋಷಗಳಿಲ್ಲವೆಂದು ಹೇಳುವುದಿಲ್ಲ. ಭಾಷೆ ಅಲ್ಲಲ್ಲಿ ತೀರ ಪುಸ್ತಕದ್ದಾಗುತ್ತದೆ. ಆ ಮನೆಗಳಲ್ಲಿ ನಿಜವಾಗಿ ಆಡುವ ಮಾತಿನ ಬನಿ ಸಂಭಾಷಣೆಗಳಲ್ಲಿ ಸಾಕಷ್ಟು ಇಳಿದಿಲ್ಲ. ದೇವನೂರ ಮಹಾದೇವರು 1984ರ ‘ಕುಸುಮಬಾಲೆ’ಯಲ್ಲಿ ನಂಜನಗೂಡಿನ ಕಡೆಯ ಆಡುಮಾತನ್ನೇ ಕಥನದ ಮಾತಾಗಿಸಿದರಲ್ಲ, ಅಂಥದು ಇಲ್ಲಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ನಂಜನಗೂಡಿನ ಮಾತು ಕನ್ನಡವೇ. ಇಲ್ಲಿ ಮನೆಮಾತು ಮಲಯಾಳ, ಬ್ಯಾರಿ, ತುಳು, ಕೊಂಕಣಿ, ಮರಾಠಿ, ಹವ್ಯಕ ಎಂದು ಹಂಚಿಹೋಗಿದೆ. ಈ ಮನೆಗಳಿಂದ ಬಂದವರಿಗೆ ಕನ್ನಡವೆಂದರೆ ಶಾಲೆಯಲ್ಲಿ ಸಿಕ್ಕಿದ ಭಾಷೆ. ಸಾರಾ ಅವರ ಕನ್ನಡ ಶಾಲೆಯ ಕನ್ನಡದಂತೆ ಕೇಳಿಸಿದರೆ ಅದರ ಹೆಮ್ಮೆಯೂ ಹೊಣೆಯೂ ಅರ್ಧ ನಮ್ಮ ವೃತ್ತಿಯವರದು.

ಈಗ ನಮಗೆ ಹೇಳಲು ಕಷ್ಟವಾಗುವ ಮಾತಿಗೆ ಬರುತ್ತೇವೆ. ಕಾಸರಗೋಡಿನ ಎಣ್ಮಕಜೆ ಪಂಚಾಯತು ಕನ್ನಡ ತುಳುಗಳ ನೆಲ. ಅಲ್ಲಿ ಸ್ವರ್ಗ ಎಂಬ ಹೆಸರಿನ ಊರೂ ಇದೆ. 1970ರ ದಶಕದ ಕೊನೆಯಿಂದ 2000ದವರೆಗೆ ಆ ಸುತ್ತಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಅದು ಗಾಳಿಯಲ್ಲಿ ತೇಲಿ ಮದಕ, ಸುರಂಗ, ತೋಡುಗಳ ನೀರಿಗೆ ಬಿತ್ತು. ಹುಟ್ಟಿದ ಮಕ್ಕಳ ಗತಿ ಏನಾಯಿತೆಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ. ನಮ್ಮಲ್ಲಿ ಹಲವರು ಅಂಥ ಮಕ್ಕಳಿಗೆ ಅಕ್ಷರ ಕಲಿಸಿದ್ದೇವೆ, ಕಲಿಸಲಾರದೆ ಸೋತಿದ್ದೇವೆ. ಕೃಷಿ ಪತ್ರಕರ್ತ ಶ್ರೀ ಪಡ್ರೆಯಂಥವರು ಮೊದಮೊದಲಿಗೇ ಎಚ್ಚರಿಸಿ ಬರೆದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ದೇಶದಲ್ಲೇ ನಿಲ್ಲಿಸಿತು. ಆದರೆ ‘ಎಣ್ಮಕಜೆ’ ಎಂಬ ಹೆಸರನ್ನೇ ಹೊತ್ತು, ಆ ನೆಲವನ್ನು ಕೇರಳದ ಮನೆಮನೆಗೆ ಮುಟ್ಟಿಸಿದ ಕಾದಂಬರಿ 2009ರಲ್ಲಿ ಬಂದುದು ಮಲಯಾಳದಲ್ಲಿ. ಬರೆದವರು ಕಾಞಂಗಾಡಿನ ಕಾಲೇಜಿನಲ್ಲಿ ಮಲಯಾಳ ಕಲಿಸುತ್ತಿದ್ದ ಅಂಬಿಕಾಸುತನ್ ಮಾಂಗಾಡ್, ನಮ್ಮಂತೆಯೇ ಅಧ್ಯಾಪಕರು.

ಕಾದಂಬರಿ ನಿರ್ದೋಷವಾದುದಲ್ಲ. ನೀಲಕಂಠನ್ ದೇವಯಾನಿಯರು ಹೊರಗಿನಿಂದ ಬಂದು ನೆಲೆಸಿದವರು. ಊರಿನವರನ್ನು ನಾವು ಹೆಚ್ಚಾಗಿ ಅವರ ಕಣ್ಣಿನಿಂದಲೇ ನೋಡುತ್ತೇವೆ. ಗುಹೆ ಮಾತಾಡುತ್ತದೆ, ಪ್ರಾಣಿಗಳು ಮಾತಾಡುತ್ತವೆ; ಪುರಾಣದ ಭಾರಕ್ಕೆ ನೆಲ ಒಮ್ಮೊಮ್ಮೆ ಕುಸಿಯುತ್ತದೆ. ಒಳಗಿನವನು ಬರೆದಿದ್ದರೆ ಬೇರೆ ರೀತಿ ಬರೆಯುತ್ತಿದ್ದ. ಆದರೆ ಒಳಗಿನವರು ಎಲ್ಲಿದ್ದೆವು? ಆ ಹೆಲಿಕಾಪ್ಟರು ತಲೆಯ ಮೇಲೆ ಹಾರುತ್ತಿದ್ದ ವರ್ಷಗಳಲ್ಲಿ ನಮ್ಮ ಸಮ್ಮೇಳನಗಳಿಗೆ ನಾವು ಬರೆದುಕೊಟ್ಟ ಕವನಗಳನ್ನು ಹಳೆಯ ಸಂಚಿಕೆಗಳಿಂದ ತೆಗೆದು ಮತ್ತೆ ಓದಿದೆವು. ನಮ್ಮವೇ ಮೂರು ಇದ್ದವು. ಅವುಗಳಲ್ಲಿ ಗಡಿ ಇದೆ, ಗಾಯ ಇದೆ, ತಾಯಿ ಇದ್ದಾಳೆ. ಗೇರು ತೋಟವಿಲ್ಲ.

ಊರ ಹೆಸರಿನ ವಿಷಯದಲ್ಲಿ ನಮ್ಮವರಿಗಿರುವ ಎಚ್ಚರ ಅಕಾರಣವಾದುದಲ್ಲ. ಮಂಜೇಶ್ವರ ಕಾಗದಪತ್ರಗಳಲ್ಲಿ ಮಂಜೇಶ್ವರಂ ಆಗುವುದನ್ನು ಕಂಡವರಿಗೆ ಹೆಸರು ಉಳಿಸಿಕೊಳ್ಳಬೇಕೆಂಬ ಹಂಬಲ ಇರಲೇಬೇಕು. ಅದಕ್ಕಾಗಿ ಬರೆಯುವ ಮನವಿಗಳಿಗೆ ನಾವೂ ಸಹಿ ಹಾಕಿದ್ದೇವೆ. ಆದರೆ ಮನವಿ ಬರೆಯುವ ಕೈಯೇ ಕವಿತೆಯನ್ನೂ ಬರೆಯತೊಡಗಿದರೆ ಹೆಸರು ಉಳಿದು ಊರು ಕೈಬಿಡುತ್ತದೆ. ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳನ್ನು ನೀರಿನ ಲೆಕ್ಕದಲ್ಲಿ ಹೆಸರಿಸಿದ ಜನ ನಾವು. ಏಣೆಲು, ಸುಗ್ಗಿ, ಕೊಳಕೆ ಎಂದು ಬೆಳೆಗಳನ್ನು ಎಣಿಸಿದವರು. ಕೊಳೆರೋಗಕ್ಕೆ ಹೆದರಿ ಮಳೆ ಬಿಟ್ಟ ಒಂದು ಗಳಿಗೆಯಲ್ಲಿ ಅಡಿಕೆ ಮರವೇರಿ ಮದ್ದು ಬಿಡುವವನ ಬದುಕು ನಮ್ಮ ಮನೆಯ ಹಿತ್ತಿಲಲ್ಲೇ ನಡೆಯುತ್ತದೆ. ಇವೆಲ್ಲ ನಮ್ಮ ಕಥೆ ಕವಿತೆಗಳಿಗೆ ಬರುವ ದಾರಿಯಲ್ಲಿ ಎಲ್ಲಿ ನಿಂತುಹೋಗುತ್ತವೆ ಎಂದು ಯೋಚಿಸಿದಾಗ ನಮ್ಮದೇ ಮೇಜಿನ ಮೇಲಿನ ಕೆಂಪು ಶಾಯಿಯ ಪೆನ್ನು ನೆನಪಾಗುತ್ತದೆ.

ಆ ಹುಡುಗಿಯ ಗದ್ಯವನ್ನು ಅವಳ ಶಾಲೆಯ ಕನ್ನಡ ಅಧ್ಯಾಪಕರು ಸ್ಪರ್ಧೆಗೆ ಕಳಿಸುವ ಮೊದಲು ತಿದ್ದಿದ್ದರು. ‘ದಂಬೆ’ಯನ್ನು ಹೊಡೆದು ‘ಕೊಳವೆ’ ಎಂದು ಮಾಡಿದ್ದರು, ‘ಮುರಕಲ್ಲು’ ಎಂಬುದನ್ನು ‘ಬಂಡೆ’ ಎಂದು. ಮುರಕಲ್ಲು ಬಂಡೆಯಾಗಿದ್ದರೆ ಅದರಲ್ಲಿ ಪಿಕ್ಕಾಸಿನಿಂದ ಸುರಂಗ ತೋಡಲು ಆಗುತ್ತಿರಲಿಲ್ಲ! ನಾವು ಅವರನ್ನು ಆಕ್ಷೇಪಿಸುವಂತಿಲ್ಲ. ತರಬೇತಿ ಮುಗಿಸಿ ಬಂದ ಹೊಸದರಲ್ಲಿ ‘ಮದಕ’ ಎಂದು ಬರೆದ ಹುಡುಗನಿಗೆ ‘ಕೆರೆ’ ಎಂದು ಹತ್ತು ಸಲ ಬರೆಯಿಸಿದವರು ನಾವೇ. ಸ್ಪರ್ಧೆಯ ಕಟ್ಟು ಇನ್ನೂ ನಮ್ಮ ಕಪಾಟಿನಲ್ಲಿದೆ. ಈ ಸಂಚಿಕೆಯ ಸಂಪಾದಕರು ಒಪ್ಪಿದರೆ ಅವಳ ಒಂದೂವರೆ ಪುಟವನ್ನು, ತಿದ್ದುಪಡಿಗಳನ್ನು ತೆಗೆದು, ಮುಂದಿನ ಸಂಚಿಕೆಗೆ ಕಳಿಸಿಕೊಡುತ್ತೇವೆ.